ನಾಳೆ ರಜೆ ಅದ್ಯಾ, ಅಕ್ಕೋರೆ?

(ಕಾರವಾರದಲ್ಲಿ ಓದುಗ ಗೆಳೆಯರು ಒಂದು ಭಾನುವಾರ ಸಂಜೆ ಸೇರಿದ್ದಾಗ ಕುಮಟಾದ ಒಬ್ಬ ಶಿಕ್ಷಕಿ ಆಡಿದ ಮಾತುಗಳ ಬರಹ ರೂಪ; ನಮ್ಮ ಕಡೆ ಶಿಕ್ಷಕಿಯನ್ನು 'ಅಕ್ಕೋರು' ಎನ್ನುತ್ತಾರೆ)

ಎಲ್ಲರಿಗೂ ನಮಸ್ಕಾರ.

ಮೇ ತಿಂಗಳ ಈ ಸೆಕೆಯಲ್ಲಿ ಸಮುದ್ರದ ಗಾಳಿ ಬಿಟ್ಟು ಈ ಕೋಣೆಗೆ ಇಷ್ಟು ಜನ ಬಂದಿದ್ದೀರಿ. ಇಷ್ಟವಾದ ಪುಸ್ತಕದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿರಿ. ನಾನು ಆರಿಸಿಕೊಂಡಿದ್ದು ಇನ್ನೂ ಅಚ್ಚಾಗದ ಪುಸ್ತಕವನ್ನು. ಮಳೆ ಹಿಡಿಯುವ ಹೊತ್ತಿಗೆ ಬರಬಹುದು ಅಂತಿದ್ದಾರೆ. ಹದಿಹರೆಯದವರಿಗಾಗಿ ಬರೆದ, ನಗಿಸುವ ಒಂದು ಕಾದಂಬರಿ. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ಮೀನುಗಾರರ ಮನೆಯ ಹುಡುಗಿ, ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. ಪುಸ್ತಕ ಕೈಗೆ ಬರುವವರೆಗೆ ತನ್ನ ಹೆಸರು, ಪುಸ್ತಕದ ಹೆಸರು ಎರಡನ್ನೂ ಎಲ್ಲೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಹಾಗಾಗಿ ಹೆಸರು ಕೇಳಬೇಡಿ. ಕಥೆ ಮಾತ್ರ ಸ್ವಲ್ಪ ಹೇಳುತ್ತೇನೆ. ಎಂಟು ಅಧ್ಯಾಯಗಳ ಕರಡು ಓದಿದ್ದೇನೆ. ಮುಂದೇನಾಗುತ್ತದೆ ಎಂದು ನನಗೂ ತಿಳಿಸಿಲ್ಲ.

ಕಥೆ ಶುರುವಾಗುವುದೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳು ಜೂನ್, ಜುಲೈಯಲ್ಲಿ ದಿನಾ ರಾತ್ರಿ ಕೇಳುವ ಪ್ರಶ್ನೆಯಿಂದ. ನಾಳೆ ರಜೆ ಇದೆಯಾ? ಕುಮಟಾ ಕಡೆ 'ರಜೆ ಅದ್ಯಾ' ಅನ್ನುತ್ತಾರೆ. ಶಿರಸಿಯ ಹವ್ಯಕರ ಮನೆಯಲ್ಲಿ 'ರಜೆ ಇದ್ದಾ' ಅನ್ನುತ್ತಾರೆ. ನಿಮ್ಮ ಕಾರವಾರದ ಕೊಂಕಣಿ ಮನೆಗಳಲ್ಲಿ 'ಫಾಲ್ಯಾ ಸುಟಿ ಆಸಾ' ಅಂತ ಕೇಳುತ್ತಾರೆ. ಭಾಷೆ ಬೇರೆ, ಆಸೆ ಒಂದೇ. ರಾತ್ರಿ ಹಂಚಿನ ಮೇಲೆ ಮಳೆ ಬಡಿಯುತ್ತಿರುತ್ತದೆ. ಮಗು ಅಪ್ಪನ ಫೋನು ಹಿಡಿದು ಕೂತಿರುತ್ತದೆ. ಜಿಲ್ಲಾಧಿಕಾರಿಗಳ ಆದೇಶ ಬಂತಾ, ಬಂದರೆ ಯಾವ ಯಾವ ತಾಲೂಕಿಗೆ, ಅದು ಇವತ್ತಿನದೋ, ಯಾರೋ ಹಳೆಯ ಆದೇಶದ ತಾರೀಕು ತಿದ್ದಿ ಬಿಟ್ಟದ್ದೋ. ನಮ್ಮ ಜಿಲ್ಲೆಯಲ್ಲಿ 12 ತಾಲೂಕುಗಳಿವೆ. ಕರಾವಳಿಯ ತಾಲೂಕುಗಳಿಗೆ ಮಾತ್ರ ರಜೆ ಎಂದು ಬಂದ ದಿನ ಘಟ್ಟದ ಮೇಲಿನ ಮಕ್ಕಳ ಮುಖ ನೋಡಬೇಕು. ನಾನು ಮೊದಲು ಶಿರಸಿ ಕಡೆ ಕಲಿಸುತ್ತಿದ್ದೆ, ಆಮೇಲೆ ಕೆಳಗೆ ಇಳಿದವಳು. ಎರಡೂ ಕಡೆಯ ಮುಖಗಳನ್ನು ನೋಡಿದ್ದೇನೆ.

ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಒಂದು ಊರು. ಅಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಆಯಿ, ಅಂದರೆ ಅಮ್ಮ, ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾಳೆ. ಅಪ್ಪ ತದಡಿ ಬಂದರಿನಿಂದ ಟ್ರಾಲರ್ ಬೋಟಿಗೆ ಹೋಗುತ್ತಾನೆ. ಅಜ್ಜನಿಗೆ ಮಳೆಯ ಲೆಕ್ಕ ಗೊತ್ತು. ಏಡಿ ಅಂಗಳಕ್ಕೆ ಹತ್ತಿತು, ಇರುವೆ ಮೊಟ್ಟೆ ಹೊತ್ತು ಗೋಡೆ ಏರಿತು, ಇನ್ನು ಎರಡು ದಿನ ಬಿಡುವುದಿಲ್ಲ ಅನ್ನುತ್ತಾನೆ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆ ಅವನ ಬಾಯಲ್ಲಿ ಯಾವಾಗಲೂ ಇರುತ್ತದೆ. ಹುಡುಗಿ ಅಜ್ಜನ ಏಡಿಯನ್ನೂ ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳನ್ನೂ ಕೂಡಿಸಿ ತನ್ನದೇ ಒಂದು ಸೂತ್ರ ಮಾಡುತ್ತಾಳೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅದನ್ನು ಬರೆದಿಟ್ಟಿದ್ದಾಳೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಆದರೆ ಭಾರೀ ಮಳೆ, 204.4 ದಾಟಿದರೆ ಅತ್ಯಂತ ಭಾರೀ ಮಳೆ, ಹಳದಿ, ಕಿತ್ತಳೆ, ಕೆಂಪು. ಇಷ್ಟೂ ಅವಳಿಗೆ ಬಾಯಿಪಾಠ. ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆಗಳ ಬಹುಪದೋಕ್ತಿ ಮಾತ್ರ ತಲೆಗೆ ಹತ್ತುವುದಿಲ್ಲ.

ಮೂರು ಸಲ ಅವಳು ಹೇಳಿದಂತೆ ರಜೆ ಬರುತ್ತದೆ. ಅಷ್ಟು ಸಾಕಾಯಿತು. ಕ್ಲಾಸಿಗೆಲ್ಲ ಅವಳೇ ರಜೆಯ ಜೋಯಿಸಳು. ಭವಿಷ್ಯ ಕೇಳಲು ಬಂದವರು ಹುರಿದ ಗೇರುಬೀಜ, ಹಲಸಿನ ಹಪ್ಪಳ, ಹೊಸ ರೀಫಿಲ್ ತಂದುಕೊಡುತ್ತಾರೆ. ಒಂದು ದಿನ ಆಟದ ಮಾಸ್ತರರು ಅವಳನ್ನು ಕರೆಯುತ್ತಾರೆ. ಅವರಿಗೆ ಮರುದಿನ ನೆಂಟರ ಮನೆಯ ಉಪನಯನಕ್ಕೆ ಹೋಗುವುದಿದೆ. ರಜೆ ಬರುತ್ತದಾ ಎಂದು ವಿದ್ಯಾರ್ಥಿನಿಯ ಹತ್ತಿರ ನೇರ ಕೇಳುವುದು ಹೇಗೆ? 'ನಾಳೆ ಬಟ್ಟೆ ಒಣಗಬಹುದಾ?' ಅಂತ ಕೇಳುತ್ತಾರೆ. ಅವಳಿಗೂ ಅರ್ಥವಾಗುತ್ತದೆ. 'ಒಳಗೇ ಹಾಕಿಡಿ ಸರ್' ಅನ್ನುತ್ತಾಳೆ. ಈ ಎರಡು ಸಾಲು ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೇನೆ. ನಮ್ಮ ಯಜಮಾನರು ಹೊರಗಿನಿಂದ ಏನಾಯ್ತು ಅಂತ ಕೇಳಿದರು.

ನಾಲ್ಕನೇ ಸಲದ ಕಥೆಯನ್ನೂ ಹೇಳಿಬಿಡುತ್ತೇನೆ. ಇಷ್ಟಕ್ಕೆ ಲೇಖಕಿಯ ಒಪ್ಪಿಗೆ ಇದೆ. ಸಂಜೆ ಕಿತ್ತಳೆ ಇತ್ತು. 'ನಾಳೆ ರಜೆ, ಖಂಡಿತ' ಎಂದು ಅವಳು ಗುಂಪಿಗೆ ಧ್ವನಿ ಸಂದೇಶ ಕಳಿಸುತ್ತಾಳೆ. ರಾತ್ರಿ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಫೋನು ಸಾಯುತ್ತದೆ. ಹನ್ನೊಂದು ಗಂಟೆಗೆ ಕಿತ್ತಳೆ ಹೋಗಿ ಹಳದಿ ಬರುತ್ತದೆ. ಇದು ಓದುವ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಕೊಡೆ ಬಿಚ್ಚುವುದೇ ಬೇಡ ಅನ್ನುವಂಥ ಬಿಸಿಲು. ಕ್ಲಾಸಿಗೆ ಕ್ಲಾಸೇ ಮನೆಯಲ್ಲಿ ಹೊದ್ದು ಮಲಗಿದೆ. ಇವಳು ಮಾತ್ರ ಶಾಲೆಗೆ ಹೋಗುತ್ತಾಳೆ. 'ಆದೇಶ ಬಂದ ಮೇಲೆ ರಜೆ, ಅಲ್ಲೀವರೆಗೆ ಶಾಲೆ' ಎನ್ನುವ ಆಯಿ ಇವಳದ್ದು. ಅವತ್ತೇ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಶಾಲೆಯ ಕವ್ವಾಲಿ ತಂಡದಲ್ಲಿ ಬಂದವಳು ಇವಳೊಬ್ಬಳೇ, ಅದೂ ಹಿಂದೆ ಕೂತು ಚಪ್ಪಾಳೆ ತಟ್ಟಬೇಕಾದವಳು. ವೇದಿಕೆಯ ಮೇಲೆ ಆರು ಟೋಪಿ, ಒಬ್ಬಳು ಹುಡುಗಿ. ಅಲ್ಲಿಂದ ಮುಂದಿನದ್ದನ್ನು ನಾನು ಹೇಳುವುದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಗಿಸುವುದು ಹೇಗೆ ಎಂದು ಈ ಹುಡುಗಿ, ಅಂದರೆ ಬರೆದವಳು, ಚೆನ್ನಾಗಿ ಕಲಿತಿದ್ದಾಳೆ. ಕಥೆಯ ಹುಡುಗಿಯನ್ನು ಅವಳು ಪೆದ್ದಿ ಮಾಡುವುದಿಲ್ಲ. ಆ ಸೂತ್ರದಲ್ಲಿ ನಿಜವಾಗಿಯೂ ಬುದ್ಧಿ ಇದೆ. ಬಣ್ಣ ಬದಲಾದದ್ದನ್ನು ನಮಗೆ ಮೊದಲೇ ತಿಳಿಸಿ, ಅವಳಿಗೆ ತಿಳಿಯುವವರೆಗೆ ಹದಿನೈದು ಪುಟ ಕಾಯಿಸುತ್ತಾಳೆ. ಆ ಹದಿನೈದು ಪುಟ ನಾವು ಒಂದು ಕಡೆ ನಗುತ್ತೇವೆ, ಇನ್ನೊಂದು ಕಡೆ 'ಅಯ್ಯೋ ಹೋಗಬೇಡವೇ' ಅನ್ನುತ್ತೇವೆ. ಹಾಸ್ಯ ಅಂದರೆ ಹಲ್ಲುಬ್ಬು, ತೊದಲು, ದಪ್ಪ ಹೊಟ್ಟೆ ಎಂದು ತಿಳಿದವರ ಬರಹವನ್ನು ನಾನು ಎಷ್ಟೋ ಓದಿದ್ದೇನೆ. ಮಕ್ಕಳಿಗೆ ಅದನ್ನು ಕೊಡಲು ಮನಸ್ಸು ಬರುವುದಿಲ್ಲ. ಕ್ಲಾಸಿನಲ್ಲಿ ತೊದಲುವ ಮಗು ಇರುತ್ತದೆ. ಆ ಮಗುವೂ ಜೊತೆಗೆ ಕೂತು ನಗುವಂತಿರಬೇಕು, ಅಲ್ವಾ?

ನಾನು ಯಾಕೆ ಇಷ್ಟು ಕಾಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಶಾಲೆಯ ಕಪಾಟಿನ ಕಥೆ ಹೇಳುತ್ತೇನೆ. ಎರಡು ಖಾನೆ ಇವೆ. ಮೇಲಿನದರಲ್ಲಿ ನೀತಿ ಕಥೆ, ಪುರಾಣ ಕಥೆ, ಮಹಾಪುರುಷರ ಜೀವನ. ಕೆಳಗಿನದರಲ್ಲಿ ದೊಡ್ಡವರ ಕಾದಂಬರಿಗಳು. ಏಳನೇ ಕ್ಲಾಸಿನವರೆಗೆ ಮಕ್ಕಳು ಮೇಲಿನ ಖಾನೆಯಿಂದ ಓದುತ್ತಾರೆ. ಎಂಟಕ್ಕೆ ಬಂದಾಗ ಅದು ಸಾಕೆನಿಸುತ್ತದೆ. ಕೆಳಗಿನದಕ್ಕೆ ಕೈ ಹಾಕುತ್ತಾರೆ. ನಾಲ್ಕು ಜನ ಅದನ್ನು ಹಿಡಿದು ಮುಂದೆ ಹೋಗುತ್ತಾರೆ. ಉಳಿದವರು ಅಲ್ಲೇ ಓದುವುದನ್ನು ನಿಲ್ಲಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಅದೇ ಜಾಗದಲ್ಲಿ ಮಕ್ಕಳು ಕೈಬಿಟ್ಟು ಹೋಗುವುದನ್ನು ನೋಡಿದ್ದೇನೆ. ಅವರಿಗೆ ಓದುವ ಬುದ್ಧಿ ಇಲ್ಲ ಎಂದು ನಾನು ಯಾವತ್ತೂ ಒಪ್ಪಿಲ್ಲ. ಅವರ ವಯಸ್ಸಿನವರು, ಅವರ ತೊಂದರೆಗಳು, ಅವರ ಬಸ್ ಪಾಸು ಇರುವ ಪುಸ್ತಕ ಆ ಎರಡು ಖಾನೆಗಳ ನಡುವೆ ಬೇಕಿತ್ತು.

ಬೇರೆ ದೇಶಗಳಲ್ಲಿ ಈ ಖಾನೆ ಇದೆ. ಸುಮಾರು ಹನ್ನೆರಡರಿಂದ ಹದಿನೆಂಟರವರಿಗೆ ಎಂದು ಬೇರೆಯಾಗಿ ಬರೆಯುತ್ತಾರೆ. ಅಮೆರಿಕದಲ್ಲಿ 1967ರಲ್ಲಿ ಬಂದ ಒಂದು ಕಾದಂಬರಿಯಿಂದ ಆ ದಾರಿ ಅಗಲವಾಯಿತು ಎಂದು ಹೇಳುತ್ತಾರೆ. ಅದನ್ನು ಬರೆದವಳಿಗೆ ಪುಸ್ತಕ ಬಂದಾಗ ಹದಿನೆಂಟು. ಬರೆಯಲು ಕೂತಾಗ ಹದಿನೈದು. ನಮ್ಮಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊರತೆ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ. 2022ರಲ್ಲಿ ಅದು ನಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಕಾದಂಬರಿಗೆ ಬಂತು. ಆ ಸುದ್ದಿಯನ್ನು ನಾನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ 'ನಮ್ಮ ಜಿಲ್ಲೆಯವರಾ?' ಅಂತ ಎರಡು ಸಲ ಕೇಳಿದ. ಹಾಗೆ ಕೇಳಿದವರು ಒಂಬತ್ತು, ಹತ್ತನೇ ಕ್ಲಾಸಿಗೆ ಬಂದಾಗ ಅವರ ಕೈಗೆ ಮುಂದಿನ ಪುಸ್ತಕ ಸಿಗಬೇಕು. ನನ್ನ ಕಾಳಜಿ ಅಷ್ಟೇ.

ನಾನು ಒಂಬತ್ತರಲ್ಲಿದ್ದಾಗ ನೋಟ್‌ಬುಕ್ಕಿನ ಒಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದೆ. ಸಿಕ್ಕಿಬಿದ್ದೆ. ಪುಸ್ತಕ ಕಿತ್ತುಕೊಂಡರು, ವಾಪಸ್ ಕೊಡಲಿಲ್ಲ. ಆ ಕಥೆಯ ಕೊನೆ ನನಗೆ ಸಿಕ್ಕಿದ್ದು ಮದುವೆಯಾದ ಮೇಲೆ. ಅದಕ್ಕೇ ಇರಬೇಕು, ನನ್ನ ಕ್ಲಾಸಿನಲ್ಲಿ ಶನಿವಾರ ಒಂದು ಅವಧಿ ಸುಮ್ನೆ ಓದುವುದಕ್ಕೆ ಇಟ್ಟಿದ್ದೇನೆ. ಪ್ರಶ್ನೆ ಇಲ್ಲ, ಸಾರಾಂಶ ಬರೆಯುವುದಿಲ್ಲ.

ಕೆಲವರು ನನಗೆ ಹೇಳಿದರು, ನಗಿಸುವ ಪುಸ್ತಕ ತಾನೇ, ಅದಕ್ಕೆ ಇಷ್ಟೊಂದು ಕಾಯುವುದಾ ಅಂತ. ಹದಿಹರೆಯದವರಿಗೆ ಗಂಭೀರವಾದದ್ದು ಕೊಡಬೇಕು ಎಂಬುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಯಕ್ಷಗಾನದ ಊರಲ್ಲಿ ಬೆಳೆದವರು ಹಾಗೆ ಹೇಳಬಾರದು. ಸಣ್ಣವರಿದ್ದಾಗ ಆಟಕ್ಕೆ ಹೋದರೆ ನಡುರಾತ್ರಿಗೆ ಚಾಪೆಯ ಮೇಲೆ ನಿದ್ದೆ ಬರುತ್ತಿತ್ತು. ಆಗ ಅಜ್ಜಿ ತಟ್ಟಿ ಎಬ್ಬಿಸುತ್ತಿದ್ದಳು. 'ಹಾಸ್ಯ ಬಂತು, ಏಳು.' ದೊಡ್ಡ ವೇಷ ಬಂದಾಗ ಮಲಗಲು ಬಿಡುತ್ತಿದ್ದಳು, ಹಾಸ್ಯಗಾರ ಬಂದಾಗ ಬಿಡುತ್ತಿರಲಿಲ್ಲ. ಹಾಸ್ಯ ನೋಡಿ ಎಚ್ಚರವಾದ ಮಗು ಆಮೇಲಿನ ಯುದ್ಧವನ್ನೂ ಸಾವನ್ನೂ ಕಣ್ಣುಬಿಟ್ಟು ನೋಡುತ್ತಿತ್ತು. ಅಂಕೋಲೆಯ ದಿನಕರ ದೇಸಾಯಿಯವರನ್ನು ನೋಡಿ. ರೈತರ ಹೋರಾಟ ಮಾಡಿದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಮಕ್ಕಳಿಗೆ ಶಾಲೆ ಕೊಟ್ಟವರು. 1967ರಲ್ಲಿ ಲೋಕಸಭೆಗೆ ಆರಿಸಿ ಹೋದರು. ಅಷ್ಟೆಲ್ಲ ಮಾಡಿದವರು ನಾಲ್ಕು ಸಾಲಿನ ಚುಟುಕ ಬರೆಯುವುದನ್ನು ಕೊನೆಯವರೆಗೂ ಬಿಡಲಿಲ್ಲ. ಜನ ಇವತ್ತಿಗೂ ಅವರನ್ನು ನೆನೆಯುವುದು ಚುಟುಕದಿಂದಲೇ.

ಕಾರವಾರಕ್ಕೆ ಬಂದು ಠಾಗೋರರ ಹೆಸರು ಹೇಳದೆ ಹೋಗುವುದಾದರೂ ಹೇಗೆ. ಅವರ ಹೆಸರಿನ ಕಡಲತೀರಕ್ಕೆ ಹೋದಾಗಲೆಲ್ಲ ನಮ್ಮ ಕಣ್ಣಮುಂದೆ ಬರುವುದು ಬಿಳಿಗಡ್ಡದ ಗುರುದೇವರು. ಆದರೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದಾಗ ವಯಸ್ಸು ಇಪ್ಪತ್ತೆರಡರ ಆಸುಪಾಸು. ಬೆಳದಿಂಗಳ ಒಂದು ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದದ್ದು, ಶಿವಾಜಿ ಕಾಲದ ಗುಡ್ಡದ ಕೋಟೆಯ ಬಳಿ ಇಳಿದದ್ದು, ಇಳಿತದ ಜೊತೆ ತೇಲಿ ಬಂದು ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ಮನೆತನಕ ನಡೆದದ್ದು, ಇದನ್ನೆಲ್ಲ ಅವರೇ ನೆನಪಿನ ಬರಹದಲ್ಲಿ ಹೇಳಿದ್ದಾರೆ. ಹರೆಯದವರು ನಿದ್ದೆಗೆಟ್ಟು ಊರು ಸುತ್ತಿದ ಕಥೆ ಅದು. ಅಲ್ಲಿ ಯಾವ ಉಪದೇಶವೂ ಇಲ್ಲ. ನನಗೆ ಆ ಠಾಗೋರರು ಬಹಳ ಇಷ್ಟ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಕರಡು ಓದಿದ ಮೇಲೆ ನಾನು ಲೇಖಕಿಗೆ ಫೋನು ಮಾಡಿದೆ. 'ತಂಗಿ, ಮಳೆಯ ಬಗ್ಗೆ ನಗಿಸುವುದನ್ನು ನಮ್ಮ ಜನ ಹೇಗೆ ತೆಗೆದುಕೊಳ್ಳುತ್ತಾರೆ?' ಎಂದು ಕೇಳಿದೆ. 2024ರ ಜುಲೈ 16ನ್ನು ನಾವ್ಯಾರೂ ಮರೆತಿಲ್ಲ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಅಂಗಡಿ, ಲಾರಿ, ಮನುಷ್ಯರು, ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ಆ ಮಳೆಗಾಲ ಮಕ್ಕಳು ರಜೆ ಕೇಳುವಾಗ ದನಿಯೇ ಬೇರೆಯಾಗಿತ್ತು. ನನ್ನ ಕ್ಲಾಸಿನ ಒಬ್ಬಳು ಗುಡ್ಡ ಕಂಡರೆ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಕ್ಕೋರೆ, ಏಳನೇ ಅಧ್ಯಾಯ ಇನ್ನೊಂದು ಸಲ ಓದಿ' ಅಂದಳು. ಓದಿದೆ. ಕವ್ವಾಲಿಯ ಗಲಾಟೆ ಮುಗಿದ ಮೇಲೆ ಹುಡುಗಿಗೆ ಎಲ್ಲರೂ ಬೈಯುತ್ತಾರೆ. ಕೋಪದಲ್ಲಿ ಅವಳು ಗಣಿತದ ನೋಟ್‌ಬುಕ್ಕಿನ ಸೂತ್ರ ಹರಿಯಲು ಹೋಗುತ್ತಾಳೆ. ಅಜ್ಜ ತಡೆಯುತ್ತಾನೆ. ತನ್ನ ಲೆಕ್ಕ ರಜೆಗೆಂದು ಹುಟ್ಟಿದ್ದಲ್ಲ ಎಂದು ಹೇಳುತ್ತಾನೆ. ದೋಣಿ ಇಳಿಸುವುದೋ ಬೇಡವೋ ಎಂದು ತಿಳಿಯಲು ಅವನಪ್ಪ ಕಲಿಸಿದ್ದು. ಒಂದು ಸಲ ಅವನು ಬೇಡ ಅಂದಿದ್ದ, ಒಬ್ಬ ಕೇಳದೆ ಹೋಗಿದ್ದ. ಅಷ್ಟೇ. ಒಂದೂವರೆ ಪುಟ. ಮತ್ತೆ ಅಜ್ಜ ಎದ್ದು ಏಡಿಯನ್ನು ಅಂಗಳದಿಂದ ಓಡಿಸುತ್ತಾನೆ, ಏಡಿ ಅವನ ಪಂಚೆ ಹಿಡಿಯುತ್ತದೆ, ಕಥೆ ಮತ್ತೆ ನಗುವಿಗೆ ತಿರುಗುತ್ತದೆ. ನಾನು ಮೊದಲ ಸಲ ಓದುವಾಗ ಆ ಏಡಿಗೆ ನಕ್ಕು ಮುಂದೆ ಹೋಗಿದ್ದೆ. ಎರಡನೇ ಸಲ ಆ ಒಂದೂವರೆ ಪುಟದಲ್ಲಿ ನಿಂತೆ. ಕಡಲ ಬದಿಯವರು ಸಾವಿನ ಮಾತನ್ನು ಹೀಗೇ ಆಡುವುದು. ಎರಡು ಮಾತು, ಆಮೇಲೆ ಬಲೆಯ ಹರಿದ ಕಣ್ಣು ಕಟ್ಟಲು ಕೂತುಬಿಡುತ್ತಾರೆ.

ಆ ಮೇಲೆ ಲೇಖಕಿಯ ಒಪ್ಪಿಗೆ ಪಡೆದು ಮೊದಲ ನಾಲ್ಕು ಅಧ್ಯಾಯಗಳನ್ನು ಶನಿವಾರದ ಅವಧಿಯಲ್ಲಿ ಓದಿ ಹೇಳಿದೆ. ಮೂರು ಶನಿವಾರ ಹಿಡಿಯಿತು. 'ಬಟ್ಟೆ ಒಣಗಬಹುದಾ' ಬಂದಾಗ ಪಕ್ಕದ ಕ್ಲಾಸಿನಿಂದ ಬಂದು ಏನಾಯ್ತು ಎಂದು ನೋಡಿದರು. ನಾನು ಕಾದದ್ದು ಆ ನಗುವಿಗೆ, ಸಿಕ್ಕಿತು. ಆದರೆ ಮೂರನೇ ಶನಿವಾರ ಒಬ್ಬ ಹುಡುಗ ಒಂದು ಮಾತು ಹೇಳಿದ. ಅವನು ಕ್ಲಾಸಿನಲ್ಲಿ ಹೆಚ್ಚು ಬಾಯಿ ಬಿಡುವವನಲ್ಲ. ಅವನ ಅಪ್ಪನೂ ಬೋಟಿನವರು. 'ಅಕ್ಕೋರೆ, ಅವಳಿಗೆ ರಜೆ ಬೇಕಾದ್ದು ಆಟ ಆಡೂಕಲ್ಲ. ಅಪ್ಪ ಮನೇಲಿ ಇರ್ತಾನಲ್ಲ, ಅದಕ್ಕೆ.'

ನಾನು ಕರಡು ತಿರುಗಿಸಿ ನೋಡಿದೆ. ಹೌದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆ ಎರಡು ತಿಂಗಳು ಅಪ್ಪ ಮನೆಯಲ್ಲಿ. ಬಲೆ ಹೊಲಿಯುತ್ತಾನೆ, ಒಣಮೀನಿನ ಚಟ್ನಿ ತಾನೇ ಅರೆಯುತ್ತೇನೆ ಎಂದು ಹೋಗಿ ಅಡುಗೆಮನೆಯೆಲ್ಲ ಗಲೀಜು ಮಾಡುತ್ತಾನೆ, ಮಗಳ ಲೆಕ್ಕ ನೋಡುತ್ತೇನೆ ಎಂದು ಕೂತು ತಪ್ಪು ಉತ್ತರ ಹೇಳಿಕೊಡುತ್ತಾನೆ. ಇವೆಲ್ಲ ನಗುವ ಜಾಗಗಳು. ಉಳಿದ ಹತ್ತು ತಿಂಗಳು ಅವನು ಬರುವಾಗ ಅವಳು ಶಾಲೆಯಲ್ಲಿ, ಅಥವಾ ನಿದ್ದೆಯಲ್ಲಿ. ಅವಳ ಸೂತ್ರದ ಹಾಳೆಯ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ದಿನಾ ಒಂದೊಂದು ಕಡಿಮೆಯಾಗುತ್ತಾ ಬರುತ್ತದೆ. 61, 60, 59. ಅದೇನೆಂದು ಲೇಖಕಿ ಎಲ್ಲೂ ಹೇಳುವುದಿಲ್ಲ. ನಾನು ಅದನ್ನು ಸೂತ್ರದ ಒಂದು ಭಾಗ ಅಂದುಕೊಂಡಿದ್ದೆ. ಆ ಹುಡುಗ ಕೇಳಿಯೇ ತಿಳಿದುಕೊಂಡ.

ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಅತ್ತಳು. ನಾನೂ ಅತ್ತೆ.

ನನ್ನ ಕೆಲವು ಬೇಡಿಕೆಗಳನ್ನೂ ಅವಳ ಮುಂದೆ ಇಟ್ಟಿದ್ದೇನೆ. ಕೊನೆಯಲ್ಲಿ ಹುಡುಗಿಯಿಂದ ತಪ್ಪೊಪ್ಪಿಗೆಯ ಭಾಷಣ ಮಾಡಿಸಬೇಡ ಎಂದೆ. ಊರ ಮಾತನ್ನು ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡಲು ಯಾರಿಗೂ ಬಿಡಬೇಡ ಎಂದೆ. ಅಜ್ಜ ಅಜ್ಜನ ಹಾಗೆ ಮಾತಾಡಲಿ, ಭಟ್ಕಳದಿಂದ ಬಂದ ಗೆಳತಿಯ ಬಾಯಲ್ಲಿ ಅವಳ ಮನೆಮಾತು ನವಾಯತಿಯ ಪದ ಬರಲಿ, ಓದುವ ಮಕ್ಕಳಿಗೆ ಅರ್ಥವಾಗುತ್ತದೆ. ಅವರು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬಂದರಿನಲ್ಲಿ ಇನ್ನೊಂದು ಮಾತಾಡುವವರೇ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಬೆಲೆ ಕಡಿಮೆ ಇರಲಿ. ಬೆಲೆಯ ಬಗ್ಗೆ ಪ್ರಕಾಶಕರೊಡನೆ ಮಾತಾಡುತ್ತೇನೆ ಅಂದಿದ್ದಾಳೆ. ನೀವು ಇಲ್ಲಿರುವವರು ಒಂದೊಂದು ಪ್ರತಿ ಹೆಚ್ಚು ಕೊಂಡು ನಿಮ್ಮ ಊರಿನ ಹೈಸ್ಕೂಲಿಗೆ ಕೊಟ್ಟರೆ ನನಗೆ ಬಹಳ ಸಂತೋಷ. ಇದನ್ನು ಕೇಳಲೆಂದೇ ಕುಮಟಾದಿಂದ ಬಂದಿದ್ದೇನೆ.

ನಮ್ಮ ಕ್ಲಾಸಿನಲ್ಲಿ ಈಗಲೇ ಸರದಿ ಪಟ್ಟಿ ಆಗಿದೆ. ಪುಸ್ತಕ ಬಂದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ. ಒಬ್ಬೊಬ್ಬರಿಗೆ ಮೂರು ದಿನ. ಮಳೆ ರಜೆ ಬಂದರೆ ಆ ದಿನ ಲೆಕ್ಕಕ್ಕಿಲ್ಲ ಎಂದು ಅವರೇ ನಿಯಮ ಬರೆದಿದ್ದಾರೆ. ಮೊದಲ ಹೆಸರು ಆ ಹುಡುಗನದು. ಜುಲೈ 31ರ ಒಳಗೆ ತನಗೆ ಸಿಗಬೇಕು ಎಂದು ಕೇಳಿಕೊಂಡ. ಅಪ್ಪನಿಗೆ ಓದಿ ಹೇಳಬೇಕಂತೆ.